ಪೇಪರ್ ಕಷ್ಟ ಬಂದ್ರೆ ಅಂಕ ಏನಾಗುತ್ತೆ? ಕ್ಯಾಟ್, ಜಿಮ್ಯಾಟ್ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಐಐಎಂಗಳಂಥ ಬಿಸಿನೆಸ್ ಸ್ಕೂಲುಗಳ ಎಂಬಿಎ ಪ್ರವೇಶ ಪರೀಕ್ಷೆ ಕ್ಯಾಟ್ ನಡೆಯುವ ಭಾನುವಾರ ಸಂಜೆ ನನ್ನ ಫೋನಿಗೆ ಬರುವ ಮೆಸೇಜುಗಳು ಪ್ರತಿ ವರ್ಷ ಒಂದೇ ಥರ. "ಡಿಐಎಲ್‌ಆರ್ (ಅಂಕಿಅಂಶ, ತರ್ಕದ ವಿಭಾಗ) ಕೈ ಕೊಡ್ತು", "ನಮ್ಮ ಸ್ಲಾಟೇ ಕಷ್ಟ ಇತ್ತಂತೆ, ನಿಜಾನಾ?", "70 ಬರಬಹುದು, ಎಷ್ಟು ಪರ್ಸೆಂಟೈಲ್ ಆಗುತ್ತೆ?" ನಾನು ಎರಡು ಸಲ ಕ್ಯಾಟ್ ಬರೆದವನು. ಎರಡನೇ ಸಲ ಅಂಕ ಮೊದಲಿಗಿಂತ ಕಮ್ಮಿ ಬಂತು, ಪರ್ಸೆಂಟೈಲ್ ಮಾತ್ರ ಜಾಸ್ತಿ ಬಂತು. ಅದನ್ನು ಅಪ್ಪನಿಗೆ ಅರ್ಥ ಮಾಡಿಸೋಕೆ ಹೋಗಿ ಸೋತಾಗಿನಿಂದ ಈ ಲೆಕ್ಕದ ಬೆನ್ನು ಬಿದ್ದಿದ್ದೇನೆ. ಈಗ ಕಿರಿಯರು ಕೇಳುವ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಅಂಕ, ಸ್ಕೇಲ್ಡ್ ಸ್ಕೋರ್, ಪರ್ಸೆಂಟೈಲ್ ಮೂರೂ ಬೇರೆ ಬೇರೆನಾ?

ಹೌದು. ಗೊಂದಲದಲ್ಲಿ ಅರ್ಧ ಪಾಲು ಹುಟ್ಟೋದೇ ಈ ಮೂರನ್ನು ಕಲಸಿಬಿಡೋದರಿಂದ.

ಕ್ಯಾಟ್‌ನಲ್ಲಿ ಸರಿ ಉತ್ತರಕ್ಕೆ 3 ಅಂಕ. ನಾಲ್ಕು ಆಯ್ಕೆ ಕೊಟ್ಟ ಪ್ರಶ್ನೆಯಲ್ಲಿ ತಪ್ಪಾದರೆ 1 ಅಂಕ ಕಳೀತಾರೆ. ಉತ್ತರವನ್ನು ನೀವೇ ಟೈಪ್ ಮಾಡಬೇಕಾದ ಪ್ರಶ್ನೆಗೆ ಕಳೆಯೋದಿಲ್ಲ. ಹೀಗೆ ಕೂಡಿ ಕಳೆದು ಬರೋದು ಕಚ್ಚಾ ಅಂಕ. ಬೇರೆ ಬೇರೆ ಸ್ಲಾಟ್‌ನವರು, ಅಂದರೆ ಬೇರೆ ಬೇರೆ ಹೊತ್ತಿಗೆ ಕೂತವರು, ಬೇರೆ ಬೇರೆ ಪೇಪರ್ ಬರೆದಿರುವುದರಿಂದ ಆ ಅಂಕಗಳನ್ನು ಒಂದೇ ಅಳತೆಗೆ ತರುತ್ತಾರೆ, ಅದು ಸ್ಕೇಲ್ಡ್ ಸ್ಕೋರ್. ಆಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಿಮ್ಮ ಹಿಂದೆ ಶೇಕಡಾ ಎಷ್ಟು ಜನ ಇದ್ದಾರೆ ಅಂತ ನೋಡಿದರೆ ಸಿಗೋದು ಪರ್ಸೆಂಟೈಲ್.

ಸ್ಕೋರ್‌ಕಾರ್ಡಿನಲ್ಲಿ ಕಾಣಿಸೋದು ಸ್ಕೇಲ್ಡ್ ಸ್ಕೋರ್ ಮತ್ತು ಪರ್ಸೆಂಟೈಲ್. ಕಚ್ಚಾ ಅಂಕವನ್ನು ಕೀ ಉತ್ತರ ಹಿಡಿದು ನೀವೇ ಕೂಡಿಸಿಕೊಳ್ಳಬೇಕು. "ನನ್ನ ಲೆಕ್ಕದಲ್ಲಿ 78 ಬಂದಿತ್ತು, ಕಾರ್ಡಲ್ಲಿ 74 ಇದೆ, ಮೋಸ" ಅನ್ನುವವರಲ್ಲಿ ಬಹುಪಾಲು ಜನ ಕಚ್ಚಾ ಅಂಕವನ್ನೂ ಸ್ಕೇಲ್ಡ್ ಸ್ಕೋರನ್ನೂ ಹೋಲಿಸುತ್ತಿರುತ್ತಾರೆ.

100 ಪರ್ಸೆಂಟೈಲ್ ಅಂದ್ರೆ ಎಲ್ಲಾ ಪ್ರಶ್ನೆಗೂ ಸರಿ ಉತ್ತರ ಅಂತಾನಾ?

ಅಲ್ಲವೇ ಅಲ್ಲ. ಇಲ್ಲೊಂದು ಸ್ವಾರಸ್ಯ ಇದೆ, ಕೇಳಿ.

ಸೂತ್ರ ಸರಳ. ಪರೀಕ್ಷೆ ಬರೆದವರ ಸಂಖ್ಯೆಯಿಂದ ನಿಮ್ಮ ರ‍್ಯಾಂಕ್ ಕಳೆದು, ಬರೆದವರ ಸಂಖ್ಯೆಯಿಂದಲೇ ಭಾಗಿಸಿ, 100ರಿಂದ ಗುಣಿಸಬೇಕು. ಬಂದದ್ದನ್ನು ಎರಡು ದಶಮಾಂಶಕ್ಕೆ ದುಂಡಗೆ ಮಾಡುತ್ತಾರೆ. ಅಂದರೆ 99.995 ಮುಟ್ಟಿದವರೆಲ್ಲ 100 ಆಗುತ್ತಾರೆ. ಹಾಗಾದರೆ 100 ಸಿಗೋದು ಎಷ್ಟು ಜನಕ್ಕೆ? ಬರೆದವರಲ್ಲಿ ಪ್ರತಿ ಲಕ್ಷಕ್ಕೆ ಐದು ಜನಕ್ಕೆ.

ತಾಳೆ ನೋಡೋಣ. 2021ರಲ್ಲಿ ಬರೆದವರು ಸುಮಾರು 1.92 ಲಕ್ಷ. ಲಕ್ಷಕ್ಕೆ ಐದರಂತೆ 9.6, ಅಂದರೆ ಒಂಬತ್ತು ಜನ. ಆ ವರ್ಷ 100 ಬಂದದ್ದು ಒಂಬತ್ತೇ ಜನಕ್ಕೆ. 2022ರಲ್ಲಿ 2.22 ಲಕ್ಷ ಜನ ಬರೆದರು, 100 ಬಂದದ್ದು ಹನ್ನೊಂದು ಜನಕ್ಕೆ. 2023ರಲ್ಲಿ 2.88 ಲಕ್ಷ, 2024ರಲ್ಲಿ 2.93 ಲಕ್ಷ. ಎರಡೂ ವರ್ಷ ಹದಿನಾಲ್ಕು ಜನ. ಲೆಕ್ಕ ಹಾಕಿ ನೋಡಿ, ಒಂದೂ ತಪ್ಪೋದಿಲ್ಲ.

ಆದರೂ ಫಲಿತಾಂಶ ಬಂದ ದಿನ "ಈ ಸಲ ಹದಿನಾಲ್ಕು ಜನಕ್ಕೆ 100, ಹಾಗಾದರೆ ಪೇಪರ್ ಸುಲಭ ಇತ್ತು" ಅಂತ ಚರ್ಚೆ ಶುರುವಾಗುತ್ತೆ. ಆ ಸಂಖ್ಯೆ ಪೇಪರಿನ ಬಗ್ಗೆ ಏನನ್ನೂ ಹೇಳೋದಿಲ್ಲ. ಎಷ್ಟು ಜನ ಪರೀಕ್ಷೆಗೆ ಬಂದು ಕೂತರು ಅನ್ನೋದನ್ನಷ್ಟೇ ಹೇಳುತ್ತೆ.

ನಮ್ಮ ಸ್ಲಾಟ್ ಕಷ್ಟ ಇತ್ತು. ನಮಗೆ ಅನ್ಯಾಯ ಆಗಲ್ವಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

2008ರವರೆಗೆ ಕ್ಯಾಟ್ ಪೆನ್ಸಿಲ್ ಹಿಡಿದು ಬರೆಯುವ ಪರೀಕ್ಷೆ. ಎಲ್ಲರಿಗೂ ಒಂದೇ ಹೊತ್ತು, ಒಂದೇ ಪೇಪರ್. ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. 2009ರಲ್ಲಿ ಕಂಪ್ಯೂಟರಿಗೆ ಬಂತು. ಮೊದಲ ದಿನಗಳಲ್ಲೇ ಕಂಪ್ಯೂಟರುಗಳು ಮುಷ್ಕರ ಹೂಡಿ ಹಲವರು ಮತ್ತೆ ಬರೆಯಬೇಕಾಯಿತು, ಆ ಮಾತು ಬೇರೆ. ಪರೀಕ್ಷೆ ಹಲವು ದಿನಗಳಿಗೆ ಹರಡಿತು, ಹೊತ್ತಿಗೊಂದು ಪೇಪರ್ ಆಯಿತು, ಆಗಲೇ ಅಂಕಗಳನ್ನು ಸರಿದೂಗಿಸುವ ಕೆಲಸವೂ ಅನಿವಾರ್ಯವಾಯಿತು. ಈಗ ಒಂದೇ ದಿನ ಮೂರು ಸ್ಲಾಟ್. ಸರಿದೂಗಿಸುವ ಕ್ರಮ ಎಂಜಿನಿಯರುಗಳು ಎಂಟೆಕ್‌ಗೆ ಬರೆಯುವ ಗೇಟ್ ಪರೀಕ್ಷೆಯದ್ದೇ ಮಾದರಿ.

ಅದು ನೋಡೋದು ಎರಡು ಗುರುತುಗಳನ್ನು. ಒಂದು, ಆ ಸ್ಲಾಟಿನ ಸರಾಸರಿಗೆ ಅಲ್ಲಿನ ಅಂಕಗಳ ಹರಡಿಕೆಯನ್ನು (ಪ್ರಮಾಣಿತ ವಿಚಲನೆ) ಕೂಡಿಸಿದರೆ ಬರುವ ಅಂಕ. ಇದನ್ನು ಕೆಳಗಿನ ಗುರುತು ಅನ್ನೋಣ. ಇನ್ನೊಂದು, ಆ ಸ್ಲಾಟಿನ ತುದಿಯ ಶೇ 0.1 ಜನರ ಸರಾಸರಿ. ಇದು ಮೇಲಿನ ಗುರುತು. ಇವೇ ಎರಡು ಗುರುತುಗಳನ್ನು ಎಲ್ಲಾ ಸ್ಲಾಟ್ ಸೇರಿಸಿಯೂ ತೆಗೀತಾರೆ. ಆಮೇಲೆ ನಿಮ್ಮ ಸ್ಲಾಟಿನ ಅಳತೆಪಟ್ಟಿಯನ್ನು ಒಟ್ಟಾರೆ ಅಳತೆಪಟ್ಟಿಗೆ ಹೊಂದುವ ಹಾಗೆ ಎಳೀತಾರೆ ಇಲ್ಲವೇ ಕುಗ್ಗಿಸುತ್ತಾರೆ.

ಅರ್ಥ ಆಗಲಿ ಅಂತ ನಾನೇ ಕೆಲವು ಸಂಖ್ಯೆ ಇಟ್ಟುಕೊಂಡಿದ್ದೇನೆ. ಬೆಳಗಿನ ಸ್ಲಾಟ್ ಸುಲಭ: ಕೆಳಗಿನ ಗುರುತು 60, ಮೇಲಿನದು 140. ಸಂಜೆಯದು ಕಷ್ಟ: 50 ಮತ್ತು 120. ಎಲ್ಲ ಸೇರಿಸಿದರೆ 55 ಮತ್ತು 132.

ಬೆಳಿಗ್ಗೆ ಬರೆದ ಹುಡುಗಿಗೆ 90 ಬಂತು ಅನ್ನಿ. ಅವಳ ಕೆಳಗಿನ ಗುರುತಿಗಿಂತ 30 ಮೇಲೆ. ಅವಳ ಸ್ಲಾಟಿನ ಅಂತರ 80, ಒಟ್ಟಾರೆ ಅಂತರ 77. ಹಾಗಾಗಿ 30ನ್ನು 77/80ರಿಂದ ಗುಣಿಸಿ 55ಕ್ಕೆ ಕೂಡಿಸಿದರೆ 83.9. ಸಂಜೆ ಬರೆದ ಹುಡುಗನಿಗೆ 80. ಅವನೂ ತನ್ನ ಗುರುತಿಗಿಂತ 30 ಮೇಲೆ, ಆದರೆ ಅವನ ಸ್ಲಾಟಿನ ಅಂತರ 70 ಮಾತ್ರ. 30ನ್ನು 77/70ರಿಂದ ಗುಣಿಸಿ 55ಕ್ಕೆ ಕೂಡಿಸಿದರೆ 88. ಹತ್ತು ಅಂಕ ಕಮ್ಮಿ ತಂದವನು ನಾಲ್ಕು ಅಂಕ ಮುಂದೆ ಹೋದ.

ನೂರಕ್ಕೆ ನೂರು ನ್ಯಾಯ ಇದೆಯಾ? ನನ್ನ ಅಭಿಪ್ರಾಯ ಕೇಳಿದರೆ, ಒಂದು ಹುಳುಕು ಉಳಿಯುತ್ತೆ. ಎಲ್ಲಾ ಸ್ಲಾಟಲ್ಲೂ ಹೆಚ್ಚು ಕಡಿಮೆ ಒಂದೇ ಮಟ್ಟದ ಜನ ಕೂತಿದ್ದಾರೆ ಅನ್ನೋದು ಈ ಲೆಕ್ಕದ ತಳಪಾಯ. ಒಂದೊಂದು ಸ್ಲಾಟಿಗೆ ಎಂಬತ್ತು ತೊಂಬತ್ತು ಸಾವಿರ ಜನ ಇರುವಾಗ ಅದು ಬಹುಮಟ್ಟಿಗೆ ನಿಜ. ಆದರೆ ಪೇಪರಿನ ಸ್ವಭಾವವೇ ಬೇರೆ ಆದಾಗ, ಉದಾಹರಣೆಗೆ ಒಂದು ಸ್ಲಾಟಲ್ಲಿ ಬೀಜಗಣಿತ ಜಾಸ್ತಿ, ಇನ್ನೊಂದರಲ್ಲಿ ಅಂಕಗಣಿತ ಜಾಸ್ತಿ ಬಂದಾಗ, ಬೀಜಗಣಿತದಲ್ಲಿ ಗಟ್ಟಿ ಇದ್ದವನಿಗೆ ತಪ್ಪು ಸ್ಲಾಟ್ ಸಿಕ್ಕಿದ್ದನ್ನು ಯಾವ ಸೂತ್ರವೂ ಸರಿ ಮಾಡೋದಿಲ್ಲ.

ಹಾಗಾದ್ರೆ ಯಾವ ಸ್ಲಾಟ್ ಆರಿಸಿಕೊಳ್ಳೋದು ಒಳ್ಳೇದು?

ಆರಿಸಿಕೊಳ್ಳೋಕೆ ಬಿಡೋದಿಲ್ಲ. ಊರುಗಳ ಆದ್ಯತೆ ಕೊಡಬಹುದು, ಹೊತ್ತಿನದ್ದಲ್ಲ.

ಪೇಪರ್ ವರ್ಷದಿಂದ ವರ್ಷಕ್ಕೆ ನಿಜವಾಗಿ ಅಷ್ಟು ಬದಲಾಗಿದೆಯಾ?

ತುಂಬಾ. ನಿಮ್ಮ ಸೋದರಮಾವ "ನಮ್ ಕಾಲದಲ್ಲಿ" ಅಂತ ಶುರು ಮಾಡಿದರೆ ಅವರು ಬರೆದದ್ದು ಬೇರೆಯದೇ ಪರೀಕ್ಷೆ ಅಂತ ತಿಳ್ಕೊಳ್ಳಿ. 2006ರಲ್ಲಿ ಎರಡೂವರೆ ಗಂಟೆಗೆ 75 ಪ್ರಶ್ನೆ. 2009ರಲ್ಲಿ ಎರಡೂ ಕಾಲು ಗಂಟೆಗೆ 60. 2014ರಲ್ಲಿ 170 ನಿಮಿಷಕ್ಕೆ 100. 2015ರಲ್ಲಿ ಮೂರು ಗಂಟೆಗೆ 100, ಮೂರು ವಿಭಾಗ, ವಿಭಾಗಕ್ಕೆ ಒಂದೊಂದು ಗಂಟೆಯ ಬೇಲಿ. ಉತ್ತರ ಟೈಪ್ ಮಾಡುವ ಪ್ರಶ್ನೆಗಳು ಬಂದದ್ದೂ ಆ ವರ್ಷವೇ. 2020ರಲ್ಲಿ ಕೋವಿಡ್ ಕಾರಣಕ್ಕೆ ಒಂದೇ ದಿನ ಮೂರು ಸ್ಲಾಟ್ ಮಾಡಬೇಕಾಗಿ ಬಂದು, ಪರೀಕ್ಷೆ ಎರಡು ಗಂಟೆಗೆ ಇಳಿದು 76 ಪ್ರಶ್ನೆ ಆಯಿತು. 2021ರಲ್ಲಿ 66, 2024ರಲ್ಲಿ 68. ಕೋವಿಡ್ ಹೋಯಿತು, ಎರಡು ಗಂಟೆ ಉಳಿಯಿತು.

ಪ್ರಶ್ನೆ ಕಮ್ಮಿ ಆದಾಗ ಪೇಪರ್ ಸುಲಭ ಆಗುತ್ತೆ ಅನ್ನೋದು ಮೇಲ್ನೋಟದ ಲೆಕ್ಕ. ಆಗೋದು ಉಲ್ಟಾ. ನೂರು ಪ್ರಶ್ನೆ ಇದ್ದಾಗ ಒಂದು ತಪ್ಪು ನೂರರಲ್ಲಿ ಒಂದು. ಗಣಿತಕ್ಕೆ 22 ಪ್ರಶ್ನೆ ಇರುವಾಗ ಒಂದು ತಪ್ಪಿದರೆ ಕೈಗೆ ಬರಬೇಕಿದ್ದ 3 ಹೋಗಿ, ಮೇಲೆ 1 ಕಳೆದು, ಒಟ್ಟು ನಾಲ್ಕು ಅಂಕದ ಪೆಟ್ಟು. ಅಂಥ ನಾಲ್ಕು ಅಂಕದ ಹಾದಿಯಲ್ಲಿ ಸಾವಿರಾರು ಜನ ನಿಂತಿರುತ್ತಾರೆ.

ಹೋದ ವರ್ಷ ಇಂತಿಷ್ಟು ಅಂಕಕ್ಕೆ 99 ಪರ್ಸೆಂಟೈಲ್ ಬಂತಂತೆ. ಈ ವರ್ಷವೂ ಅಷ್ಟೇ ಸಾಕಾ?

ಸಾಕಾಗಬಹುದು, ಆಗದೆಯೂ ಇರಬಹುದು. 99 ಪರ್ಸೆಂಟೈಲ್ ಅನ್ನೋದು ಅಂಕ ಅಲ್ಲ, ಸಾಲಿನಲ್ಲಿ ಒಂದು ಜಾಗ. 2.93 ಲಕ್ಷ ಜನ ಬರೆದಾಗ ಆ ಜಾಗ ಸುಮಾರು 2,930ನೆಯದು. ಅಲ್ಲಿ ನಿಂತವನ ಅಂಕ ಎಷ್ಟು ಅನ್ನೋದನ್ನು ಪೇಪರ್ ತೀರ್ಮಾನಿಸುತ್ತೆ. ಇತ್ತೀಚಿನ ವರ್ಷಗಳಲ್ಲಿ ಒಟ್ಟು ಅಂಕದ ಅರ್ಧವನ್ನೂ ಮುಟ್ಟದೆ 99 ಬಂದಿದೆ. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ತೊಂಬತ್ತರ ಮೇಲೆ ತೆಗೆದು ರೂಢಿ ಆದವರಿಗೆ ಇದನ್ನು ಒಪ್ಪಿಕೊಳ್ಳೋದೇ ದೊಡ್ಡ ಕಷ್ಟ. ನಮ್ಮಪ್ಪ ಇವತ್ತಿಗೂ ಒಪ್ಪಿಲ್ಲ.

ಹಾಗಾಗಿ "ನನ್ನ ಗುರಿ 100 ಅಂಕ" ಅಂತ ಗೋಡೆಗೆ ಬರೆದು ಅಂಟಿಸಬೇಡಿ. ಕಷ್ಟದ ವರ್ಷದಲ್ಲಿ ಆ ಚೀಟಿಯೇ ಮುಳುವಾಗುತ್ತೆ. ಗುರಿ ತಲುಪೋಕೆ ಅಂತ ಕೈಗೆಟುಕದ ಪ್ರಶ್ನೆಗಳಿಗೂ ಕೈ ಹಾಕ್ತೀರಿ.

ಡಿಐಎಲ್‌ಆರ್ ಮಾತ್ರ ಯಾಕೆ ಹೀಗೆ ಮುಳುಗಿಸುತ್ತೆ?

ಬೇರೆ ವಿಭಾಗದಲ್ಲಿ ಒಂದು ಪ್ರಶ್ನೆ ಕಷ್ಟ ಬಂದರೆ ಒಂದು ಪ್ರಶ್ನೆ ಹೋಗುತ್ತೆ. ಇಲ್ಲಿ ಒಂದೇ ಮಾಹಿತಿಯ ಮೇಲೆ ಪ್ರಶ್ನೆಗಳ ಗುಂಪು ಇರುತ್ತೆ, ಅದೇ ಸೆಟ್. ಅದನ್ನು ಬಿಡಿಸದಿದ್ದರೆ ನಾಲ್ಕೈದು ಪ್ರಶ್ನೆ ಒಟ್ಟಿಗೆ ಹೋಗುತ್ತೆ. ಪೇಪರ್ ಕಷ್ಟ ಮಾಡಬೇಕು ಅಂದರೆ ಅದನ್ನು ತಯಾರಿಸುವವರು ಒಂದೇ ಒಂದು ಸುಳಿವನ್ನು ಎರಡು ವಾಕ್ಯದ ಹಿಂದೆ ಬಚ್ಚಿಟ್ಟರೆ ಸಾಕು.

ನನ್ನ ಮೊದಲ ಸಲದ ಕಥೆ ಹೇಳ್ತೀನಿ. ಮೊದಲ ಸೆಟ್ಟು ಆರು ತಂಡ, ಪಂದ್ಯಗಳು, ಗೆದ್ದವರಿಗೆ ಪಾಯಿಂಟು. ಅಭ್ಯಾಸದಲ್ಲಿ ಅಂಥ ಎಷ್ಟೋ ಬಿಡಿಸಿದ್ದೆ. ರಫ್ ಶೀಟಿನಲ್ಲಿ ನೀಟಾಗಿ ಕೋಷ್ಟಕ ಹಾಕಿದೆ, ಅರ್ಧ ಮನೆ ತುಂಬಿದವು, ಉಳಿದವು ಎರಡು ಥರ ಬರ್ತಾ ಇದ್ದವು. ಅಳಿಸಿ ಮತ್ತೆ ಹಾಕಿದೆ. ಮೂರನೇ ಕೋಷ್ಟಕ ಹಾಕುವಾಗ ಗಡಿಯಾರ ನೋಡಿದರೆ ಹದಿನೇಳು ನಿಮಿಷ ಹೋಗಿತ್ತು. ಬಿಟ್ಟು ಮುಂದೆ ಹೋಗೋಕೆ ಮನಸ್ಸು ಬರಲಿಲ್ಲ, ಇಷ್ಟು ಹೊತ್ತು ಹಾಕಿದ್ದೀನಲ್ಲ ಅನ್ನೋ ಮೋಹ. ಕೊನೆಯ ಸೆಟ್ಟು ಅತಿ ಸುಲಭದ್ದು ಅಂತ ಹೊರಗೆ ಬಂದ ಮೇಲೆ ಗೊತ್ತಾಯಿತು. ನಾನು ಅದನ್ನು ಓದಿಯೂ ಇರಲಿಲ್ಲ.

ಎರಡನೇ ಸಲ ಮೊದಲ ಐದಾರು ನಿಮಿಷ ಪೆನ್ನು ಮುಟ್ಟದೆ ಎಲ್ಲಾ ಸೆಟ್ ಓದಿದೆ. ಸುತ್ತಲಿನವರು ಬರೀತಾ ಇರುವಾಗ ಸುಮ್ಮನೆ ಓದ್ತಾ ಕೂರೋಕೆ ಎದೆಗಾರಿಕೆ ಬೇಕು. ಎರಡೇ ಸೆಟ್ ಪೂರ್ತಿ ಮಾಡಿದೆ, ಮೂರನೆಯದರಲ್ಲಿ ಎರಡು ಪ್ರಶ್ನೆ. ಪೇಪರ್ ಹಿಂದಿನ ವರ್ಷಕ್ಕಿಂತ ಕಷ್ಟ ಇತ್ತು, ಹಾಗಾಗಿ ಅಷ್ಟೇ ಸಾಕಾಯಿತು. ನನ್ನ ಪರ್ಸೆಂಟೈಲ್ ಏರಿದ್ದರ ಗುಟ್ಟು ಇಷ್ಟೇ, ನಾನೇನೂ ಆ ಒಂದು ವರ್ಷದಲ್ಲಿ ಜಾಣ ಆಗಿರಲಿಲ್ಲ.

ಗೊತ್ತಿಲ್ಲದ ಪ್ರಶ್ನೆಗೆ ಅಂದಾಜು ಹೊಡೀಬಹುದಾ?

ಕ್ಯಾಟ್‌ನಲ್ಲಿ ಕಣ್ಣು ಮುಚ್ಚಿ ಹೊಡೆದರೆ ನಾಲ್ಕರಲ್ಲಿ ಒಂದು ಸರಿ: 3 ಬಂತು, ಮೂರು ತಪ್ಪಿಗೆ 3 ಹೋಯಿತು. ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದು ಆಯ್ಕೆ ಖಂಡಿತ ಅಲ್ಲ ಅಂತ ತೆಗೆದುಹಾಕಿದರೆ ಲೆಕ್ಕ ನಿಮ್ಮ ಕಡೆ ವಾಲುತ್ತೆ. ಟೈಪ್ ಮಾಡುವ ಪ್ರಶ್ನೆಯನ್ನು ಖಾಲಿ ಬಿಡೋಕೆ ಕಾರಣವೇ ಇಲ್ಲ.

ಎಕ್ಸ್‌ಎಟಿ ಅನ್ನುವ ಇನ್ನೊಂದು ಎಂಬಿಎ ಪ್ರವೇಶ ಪರೀಕ್ಷೆಯಲ್ಲಿ ಬೇರೆ ನಿಯಮ. ತಪ್ಪಿಗೆ ಕಾಲು ಅಂಕ ಕಳೀತಾರೆ. ಜೊತೆಗೆ ಎಂಟಕ್ಕಿಂತ ಹೆಚ್ಚು ಪ್ರಶ್ನೆ ಖಾಲಿ ಬಿಟ್ಟರೆ ಆ ಹೆಚ್ಚಿನ ಒಂದೊಂದಕ್ಕೂ 0.10 ಕಳೀತಾರೆ. ಐದು ಆಯ್ಕೆಯಲ್ಲಿ ಸುಮ್ಮನೆ ಹೊಡೆದರೆ ಸರಾಸರಿ ಸೊನ್ನೆ, ಬಿಟ್ಟರೆ ಮೈನಸ್. ಅಂದರೆ ಎಂಟು ದಾಟಿದ ಮೇಲೆ ಬಿಡೋದಕ್ಕಿಂತ ಹೊಡೆಯೋದೇ ಮೇಲು. ಕ್ಯಾಟ್ ಮುಗಿಸಿ ಒಂದೂವರೆ ತಿಂಗಳೊಳಗೆ ಎಕ್ಸ್‌ಎಟಿ ಬರೆಯುವವರು ಹಳೇ ಅಭ್ಯಾಸದಲ್ಲಿ ಸಾಲು ಸಾಲು ಪ್ರಶ್ನೆ ಬಿಟ್ಟು ಬರ್ತಾರೆ.

ಉಳಿದ ಎಂಬಿಎ ಪ್ರವೇಶ ಪರೀಕ್ಷೆಗಳಲ್ಲೂ ಇದೇ ಕಥೆನಾ?

ಎಕ್ಸ್‌ಎಟಿ ಒಂದೇ ಹೊತ್ತಿಗೆ ಎಲ್ಲರೂ ಬರೆಯುವ ಪರೀಕ್ಷೆ, ಹಾಗಾಗಿ ಸ್ಲಾಟಿನ ಜಗಳ ಇಲ್ಲ. ಸ್ನ್ಯಾಪ್ 60 ನಿಮಿಷಕ್ಕೆ 60 ಪ್ರಶ್ನೆ. ಮೂರು ಸಲದವರೆಗೆ ಬರೆದು ಒಳ್ಳೆಯದನ್ನು ಇಟ್ಟುಕೊಳ್ಳಬಹುದು. ಅಲ್ಲಿ ಕಷ್ಟಕ್ಕಿಂತ ವೇಗವೇ ದೊಡ್ಡದು. ಎನ್‌ಮ್ಯಾಟ್‌ನಲ್ಲಿ ಮೈನಸ್ ಅಂಕ ಇಲ್ಲ, ಒಂದೂ ಬಿಡಬೇಡಿ. ಕರ್ನಾಟಕದ ಪಿಜಿಸಿಇಟಿಯಲ್ಲೂ ಮೈನಸ್ ಇಲ್ಲ, ಕೊನೆಗೆ ನೋಡೋದು ರ‍್ಯಾಂಕ್. ಅಲ್ಲೂ ಪೇಪರ್ ಸುಲಭ ಬಂತು ಅಂತ ಹಿಗ್ಗಬೇಡಿ, ಪಕ್ಕದವನಿಗೂ ಸುಲಭ ಬಂದಿರುತ್ತೆ.

ಜಿಮ್ಯಾಟ್‌ನಲ್ಲಿ ಪ್ರಶ್ನೆ ಕಷ್ಟ ಆಗ್ತಾ ಹೋದ್ರೆ ಒಳ್ಳೇ ಲಕ್ಷಣ ಅಂತಾರಲ್ಲ?

ಮಾತಿನಲ್ಲಿ ಹುರುಳಿದೆ, ಆದರೆ ಪರೀಕ್ಷೆ ಬರೀತಾ ಅದನ್ನು ಯೋಚಿಸಬೇಡಿ. ಜಿಮ್ಯಾಟ್ ಅಂದರೆ ಮುಖ್ಯವಾಗಿ ವಿದೇಶದ ಬಿಸಿನೆಸ್ ಸ್ಕೂಲುಗಳು ಕೇಳುವ ಪ್ರವೇಶ ಪರೀಕ್ಷೆ. 1997ರಿಂದ ಅದು ಕಂಪ್ಯೂಟರಿನಲ್ಲಿ ನಡೀತಿದೆ, ನಿಮ್ಮ ಉತ್ತರ ನೋಡಿ ಮುಂದಿನ ಪ್ರಶ್ನೆ ಆರಿಸುತ್ತೆ. ಸರಿ ಹೇಳಿದರೆ ಗಟ್ಟಿ ಪ್ರಶ್ನೆ, ತಪ್ಪಿದರೆ ಕೊಂಚ ಹಗುರದ್ದು. ಸ್ಕೋರ್ ನಿಂತಿರೋದು ಎಷ್ಟು ಸರಿ ಅನ್ನೋದರ ಮೇಲೆ ಮಾತ್ರ ಅಲ್ಲ, ಯಾವ ಮಟ್ಟದವು ಸರಿ ಅನ್ನೋದರ ಮೇಲೂ. ಹಾಗಾಗಿ ಒಂದೇ ಸಂಖ್ಯೆಯ ತಪ್ಪು ಮಾಡಿದ ಇಬ್ಬರಿಗೆ ಬೇರೆ ಬೇರೆ ಸ್ಕೋರ್ ಬರಬಹುದು.

ಆದರೆ ನಡುವೆ ಅಂಕಕ್ಕೆ ಸೇರದ, ಪರೀಕ್ಷಾರ್ಥ ಪ್ರಶ್ನೆಗಳೂ ಇರುತ್ತವೆ, ಯಾವುದು ಅಂತ ಗೊತ್ತಾಗೋದಿಲ್ಲ. ಜೊತೆಗೆ ನಿಮಗೆ ಸುಲಭ ಅನಿಸಿದ್ದು ಲಕ್ಷಾಂತರ ಜನಕ್ಕೆ ಕಷ್ಟದ್ದಾಗಿರಬಹುದು. "ಅಯ್ಯೋ, ಸುಲಭದ್ದು ಬಂತು, ಹಿಂದಿನದು ತಪ್ಪಾಗಿರಬೇಕು" ಅಂತ ಕೊರಗುತ್ತಾ ಆ ಸುಲಭದ್ದನ್ನೂ ತಪ್ಪು ಮಾಡಿಕೊಂಡವರನ್ನು ನೋಡಿದ್ದೇನೆ. ಸಮಯ ಮುಗಿದು ಪ್ರಶ್ನೆ ಉಳಿದರೆ ಮಾತ್ರ ಪೆಟ್ಟು ಜೋರು, ಹೇಗಾದರೂ ಕೊನೆ ಮುಟ್ಟಿಸಿ.

ಅಣ್ಣನಿಗೆ 700 ಬಂದಿತ್ತು, ನನಗೆ 645. ನಾನು ಹಿಂದೆ ಬಿದ್ದೆನಾ?

ಇಲ್ಲ, ಇಬ್ಬರೂ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿದ್ದೀರಿ. 2023ರ ನವೆಂಬರಿನಲ್ಲಿ ಜಿಮ್ಯಾಟ್ ಹೊಸ ರೂಪಕ್ಕೆ ಬಂತು, 2024ರ ಜನವರಿ ಕೊನೆಗೆ ಹಳೆಯದು ನಿಂತಿತು. ಹಳೆಯದರ ಅಳತೆ 200ರಿಂದ 800, ಹೊಸದರದು 205ರಿಂದ 805. ಹೊಸ ಸ್ಕೋರುಗಳೆಲ್ಲ 5ರಲ್ಲೇ ಮುಗಿಯೋದು ಎರಡನ್ನೂ ಕಲಸದಿರಲಿ ಅಂತ. ನಡೆಸುವವರೇ ಕೊಟ್ಟ ಹೋಲಿಕೆ ಪಟ್ಟಿಯಲ್ಲಿ ಹೊಸ 645 ಹಳೇ 700ರ ಆಸುಪಾಸು.

ಅಳತೆ ಬದಲಿಸಿದ್ದು ಯಾಕೆ ಅಂದರೆ, ವರ್ಷಗಳು ಕಳೆದ ಹಾಗೆ ಬರೆಯುವವರು ಬದಲಾದರು, ಸ್ಕೋರುಗಳು ಮೇಲಕ್ಕೆ ಸರಿದವು. ಗಣಿತದಲ್ಲಿ ಸಿಗುತ್ತಿದ್ದ ಗರಿಷ್ಠ ಸ್ಕೋರ್ 51. ಕೊನೆಕೊನೆಗೆ ಅದನ್ನು ತೆಗೆದರೂ 99 ಪರ್ಸೆಂಟೈಲ್ ಸಿಗುತ್ತಿರಲಿಲ್ಲ, ಅಷ್ಟು ಜನ ಅಲ್ಲಿ ಒತ್ತೊತ್ತಾಗಿ ನಿಂತಿದ್ದರು. ಹೊಸದರಲ್ಲಿ ಗಣಿತ, ಭಾಷೆ, ಡೇಟಾ ಇನ್‌ಸೈಟ್ಸ್ ಮೂರಕ್ಕೂ 45 ನಿಮಿಷ, ಒಟ್ಟು 64 ಪ್ರಶ್ನೆ, ಮೂರಕ್ಕೂ ಸಮನಾದ ತೂಕ. ಒಂದೊಂದು ವಿಭಾಗದಲ್ಲಿ ಮೂರು ಉತ್ತರದವರೆಗೆ ತಿದ್ದುವ ಅವಕಾಶವೂ ಬಂದಿದೆ, ಹಳೆಯದರಲ್ಲಿ ಹಿಂದಕ್ಕೆ ಹೋಗೋಕೇ ಬಿಡುತ್ತಿರಲಿಲ್ಲ.

ಜಿಮ್ಯಾಟ್ ಯಾವ ತಿಂಗಳಲ್ಲಿ ಸುಲಭ ಇರುತ್ತೆ?

ಯಾವ ತಿಂಗಳಲ್ಲೂ ಅಲ್ಲ. ಅಲ್ಲಿ ನಿಮ್ಮ ಸ್ಪರ್ಧೆ ಅವತ್ತು ಬರೆದವರ ಜೊತೆ ಇಲ್ಲ. ಪ್ರಶ್ನೆಗಳ ಕಷ್ಟವನ್ನು ಮೊದಲೇ ಅಳೆದು ಇಟ್ಟಿರುತ್ತಾರೆ.

ಮಾಕ್ ಟೆಸ್ಟಲ್ಲಿ 92 ಬರ್ತಿದೆ. ನಿಜವಾದ ಪರೀಕ್ಷೆಯಲ್ಲೂ ಅಷ್ಟೇ ಬರುತ್ತಾ?

ಮಾಕ್ ಬರೆಯುವವರು ದುಡ್ಡು ಕೊಟ್ಟು, ತಯಾರಾಗಿ ಕೂತವರು. ನಿಜವಾದ ಪರೀಕ್ಷೆಯ ಸಾಲಿನಲ್ಲಿ ಅರ್ಜಿ ಹಾಕಿದ ತಪ್ಪಿಗೆ ಬಂದವರೂ ಇರುತ್ತಾರೆ. ಆ ಲೆಕ್ಕದಲ್ಲಿ ಮಾಕ್‌ನ 92 ನಿಜದಲ್ಲಿ ಕೊಂಚ ಮೇಲೆ ಹೋಗಬೇಕು. ಇನ್ನೊಂದು ಕಡೆ, ಮನೆಯಲ್ಲಿ ಚಹಾ ಕುಡೀತಾ, ನಡುವೆ ಫೋನ್ ನೋಡ್ತಾ ಬರೆದ ಮಾಕ್‌ಗೆ ಬೆಲೆ ಇಲ್ಲ. ಒಂದು ಮಾಕ್‌ನ ಪರ್ಸೆಂಟೈಲ್ ಬಿಡಿ. ಸುಲಭದ ಮಾಕ್‌ನಲ್ಲೂ ಕಷ್ಟದ ಮಾಕ್‌ನಲ್ಲೂ ನಿಮ್ಮ ಜಾಗ ಒಂದೇ ಕಡೆ ನಿಂತಿದೆಯಾ ನೋಡಿ. ಸುಲಭದ್ದರಲ್ಲಿ 95, ಕಷ್ಟದ್ದರಲ್ಲಿ 80 ಬರ್ತಿದ್ದರೆ ನಿಮಗೆ ಕಲಿಯಬೇಕಾಗಿರೋದು ಗಣಿತ ಅಲ್ಲ, ಪ್ರಶ್ನೆ ಬಿಡೋದು.

99 ಬಂದವನಿಗೆ ಇಂಟರ್‌ವ್ಯೂ ಕಾಲ್ ಬರಲಿಲ್ಲ, 97ರವನಿಗೆ ಬಂತು. ಇದೆಂಥ ನ್ಯಾಯ?

ಐಐಎಂಗಳು ಒಟ್ಟು ಪರ್ಸೆಂಟೈಲ್ ಒಂದನ್ನೇ ನೋಡೋದಿಲ್ಲ. ಮೂರೂ ವಿಭಾಗಕ್ಕೆ ಬೇರೆ ಬೇರೆ ಕಟಾಫ್ ಇರುತ್ತೆ. ಒಂದರಲ್ಲಿ ತಪ್ಪಿದರೆ ಉಳಿದದ್ದು ಎಷ್ಟಿದ್ದರೂ ಪ್ರಯೋಜನ ಇಲ್ಲ. ಅದರ ಜೊತೆಗೆ ಹತ್ತನೇ ತರಗತಿ, ಪಿಯುಸಿ, ಪದವಿಯ ಅಂಕ, ಕೆಲಸದ ಅನುಭವ, ಮೀಸಲಾತಿ ವರ್ಗ ಎಲ್ಲಕ್ಕೂ ಒಂದೊಂದು ಐಐಎಂನಲ್ಲಿ ಒಂದೊಂದು ತೂಕ. ಪೇಪರ್ ಕಷ್ಟ ಬಂದ ವರ್ಷವೂ ಈ ಕಟಾಫ್ ಪರ್ಸೆಂಟೈಲ್ ಲೆಕ್ಕದಲ್ಲೇ ಇರೋದರಿಂದ ಅದು ತಾನಾಗಿ ಇಳಿಯೋದಿಲ್ಲ. ಇಳಿಯೋದು ಅದಕ್ಕೆ ಬೇಕಾದ ಅಂಕ.

ಪರೀಕ್ಷೆ ದಿನವೇ ಬರುವ ಪರ್ಸೆಂಟೈಲ್ ಅಂದಾಜುಗಳನ್ನು ನಂಬಬಹುದಾ?

ಅವತ್ತು ಸಂಜೆಯವನ್ನು ನಂಬಬೇಡಿ. ಆಗ ಪ್ರಶ್ನೆಪತ್ರಿಕೆಯೇ ಯಾರ ಕೈಯಲ್ಲೂ ಇರೋದಿಲ್ಲ, ಬರೆದು ಬಂದವರ ನೆನಪಷ್ಟೇ. ಕೆಲವು ದಿನ ಬಿಟ್ಟು ಅಧಿಕೃತ ರೆಸ್ಪಾನ್ಸ್ ಶೀಟ್ ಮತ್ತು ತಾತ್ಕಾಲಿಕ ಕೀ ಉತ್ತರ ಬಿಡ್ತಾರೆ. ಅದನ್ನು ಡೌನ್‌ಲೋಡ್ ಮಾಡಿ ನಿಮ್ಮ ಕಚ್ಚಾ ಅಂಕ ನೀವೇ ಕೂಡಿಸಿ, ಯಾವುದಾದರೂ ಉತ್ತರ ತಪ್ಪು ಅನಿಸಿದರೆ ಶುಲ್ಕ ಕಟ್ಟಿ ಆಕ್ಷೇಪಣೆ ಹಾಕಿ. ಆಮೇಲೆ ಬರುವ ಅಂದಾಜುಗಳು ಸ್ವಲ್ಪ ಪರವಾಗಿಲ್ಲ. ಆದರೂ ನಿಮ್ಮ ಸ್ಲಾಟ್ ಯಾವುದು ಅಂತ ಕೇಳದೆ ಪರ್ಸೆಂಟೈಲ್ ಹೇಳುವ ಅಂದಾಜಾಗಿದ್ದರೆ, ಆ ಪುಟ ಅಲ್ಲೇ ಮುಚ್ಚಿ.